ಅಪ್‌ಡೇಟ್: ಸ್ಲೂಯಿಸ್ ತೊಳೆಯುವಾಗ ತಪ್ಪಿಸಿಕೊಳ್ಳುತ್ತಿದ್ದ ಪುಡಿ ಚಿನ್ನ

ಕುಮಟಾದ ಅಕ್ಕಸಾಲಿ ಅಂಗಡಿಯ ಕಸ ಸುಟ್ಟ ಬೂದಿಯನ್ನು ಸ್ಲೂಯಿಸ್ ಪೆಟ್ಟಿಗೆಯಲ್ಲಿ (ಹರಿಯುವ ನೀರು ಹಗುರದ್ದನ್ನು ಒಯ್ದು, ಭಾರದ ಚಿನ್ನ ಅಡ್ಡಪಟ್ಟಿಗಳ ಹಿಂದೆ, ತಳದ ಮ್ಯಾಟ್ ಮೇಲೆ ಕೂರುವ ಇಳಿಜಾರು ಪೆಟ್ಟಿಗೆ) ಹಾಯಿಸಿದ ಮೇಲೆ, ಮ್ಯಾಟ್ ತೊಳೆಯುವಾಗ ಪುಡಿ ಚಿನ್ನ ಕೈಗೆ ಸಿಗ್ತಿಲ್ಲ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಈಗ ಸಿಗ್ತಾ ಇದೆ.

ನೀವು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಪೆಟ್ಟಿಗೆ ಬಿಚ್ಚುವ ಕ್ರಮ ಬದಲಿಸಿ ಎಂಬುದು. ಬೂದಿ ಹಾಕೋದು ನಿಲ್ಲಿಸಿ, ಅಡ್ಡಪಟ್ಟಿಗಳ ಹಿಂದಿರುವ ಹಗುರ ಬೂದಿ ಕೊಚ್ಚಿಹೋಗುವ ತನಕ ಬರೀ ನೀರು ಬಿಡಬೇಕು. ಆಮೇಲೆ ನೀರನ್ನು ನಿಧಾನಕ್ಕೆ ಕಡಿಮೆ ಮಾಡಬೇಕು; ಒಮ್ಮೆಲೇ ನಿಲ್ಲಿಸಿದರೆ ಕೂತದ್ದು ಅಲುಗುತ್ತದೆ. ಕೆಳತುದಿಗೆ ಬೋಗುಣಿ ಇಟ್ಟು, ಅಡ್ಡಪಟ್ಟಿಗಳನ್ನು ಅದರೊಳಗೇ ತೊಳೆದು, ಮ್ಯಾಟ್ ಸುತ್ತಿ ಬಕೆಟ್ಟಿಗೆ ತಲೆಕೆಳಗಾಗಿ ಅದ್ದಿ ಬಡಿಯಬೇಕು. ಮೇಲ್ತುದಿಯ ಭಾಗ ಬೇರೆ ಬಕೆಟ್ಟಿಗೆ, ಹೆಚ್ಚಿನ ಚಿನ್ನ ಅಲ್ಲೇ.

ಹಾಗೆ ಸಿಕ್ಕ ಪುಡಿಯನ್ನು ಜಾಲಿಸುವ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ್ದೂ ಫಲ ಕೊಟ್ಟಿತು. ಎಣ್ಣೆ ಜಿಡ್ಡು ಹತ್ತಿದ ಚಿನ್ನದ ತೆಳು ಚೂರುಗಳು ತೇಲಿ ಹೋಗೋದು ನಿಂತಿತು.

ಪೆಟ್ಟಿಗೆಯ ಇಳಿಜಾರು ಹೆಚ್ಚಿಸಿ ಅಂದದ್ದು ಫಲ ಕೊಡಲಿಲ್ಲ. ಒಂದು ಅಡಿ ಉದ್ದಕ್ಕೆ ಒಂದು ಇಂಚು ಇದ್ದದ್ದೇ ಸರಿ, ಹೆಚ್ಚಿಸಿದರೆ ಸಣ್ಣ ಚಿನ್ನವೆಲ್ಲ ಕೆಳಗೆ ಕೊಚ್ಚಿಹೋಗುತ್ತದೆ. ಕಬ್ಬಿಣದ ಪುಡಿ ತೆಗೆಯಲು ಆಯಸ್ಕಾಂತವನ್ನು ಒದ್ದೆ ಪುಡಿಯ ಮೇಲೆ ಹಿಡಿಯೋದು ಬೇಡ, ಕಬ್ಬಿಣದ ಜೊತೆ ಚಿನ್ನವೂ ಅಂಟಿ ಬರುತ್ತದೆ. ಒಣಗಿಸಿ, ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ಎಳೆಯಿರಿ. ಪಾದರಸದಿಂದ ಚಿನ್ನ ಹಿಡಿಯುವ ಸಲಹೆ ಮುಟ್ಟಲೇ ಇಲ್ಲ, ಅದರ ಆವಿ ವಿಷ.

ಅಚ್ಚರಿ ಅಂದ್ರೆ, ಅರೆಬೆಂದ ಎಮರಿ ಕಾಗದದ (ಒಡವೆ ಉಜ್ಜುವ ಮರಳು ಕಾಗದದಂಥದ್ದು) ಉಂಡೆಗಳೊಳಗೇ ಚಿನ್ನ ಸಿಕ್ಕಿಕೊಂಡಿತ್ತು. ಪೂರ್ತಿ ಸುಟ್ಟು, ಕುಟ್ಟಿ, ಜರಡಿ ಹಿಡಿದೇ ಪೆಟ್ಟಿಗೆಗೆ ಹಾಕಿ. ಕೊನೆಯ ತೊಳೆನೀರಿನ ಕೆಸರನ್ನೂ ಚೆಲ್ಲಬೇಡಿ, ಒಣಗಿಸಿ ಚಿನ್ನ ಶುದ್ಧಮಾಡುವ ರಿಫೈನರಿಯವರಿಗೆ ಕೊಡಬಹುದು.