ಅಪ್‌ಡೇಟ್: ಫೇಡರಿನ ವೇಗಕ್ಕೆ ಚೆಂಡೆಯ ಪೆಟ್ಟು
ಮಿಡಿ ಫೇಡರನ್ನು (ಸರಿಸಿದಂತೆ ಕಂಪ್ಯೂಟರಿಗೆ ಸಂಖ್ಯೆಗಳನ್ನು ಕಳಿಸುವ ಜಾರುಗುಂಡಿಯನ್ನು) ವೇಗವಾಗಿ ಸರಿಸಿದಾಗ ಮಾತ್ರ, ಉಡುಪಿಯಲ್ಲಿ ನಾವು ಧ್ವನಿಮುದ್ರಿಸಿಕೊಂಡ ಚೆಂಡೆಯ ಪೆಟ್ಟು ಪ್ಯೂರ್ ಡೇಟಾ ಎಂಬ ಧ್ವನಿ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಮೊಳಗುವಂತೆ ಮಾಡುವುದು ಹೇಗೆಂದು ಕೇಳಿದ್ದೆ. ಈಗ ಅದು ಸರಿಯಾಗಿ ನಡೆಯುತ್ತಿದೆ. ವೇಗ ತಿಳಿಯಲು, ಫೇಡರ್ ಕಳಿಸುವ ಎರಡು ಸಂದೇಶಗಳ ವ್ಯತ್ಯಾಸವನ್ನು ಅವುಗಳ ನಡುವಿನ ಸಮಯದಿಂದ ಭಾಗಿಸುವ ದಾರಿಯನ್ನು ಕೈಬಿಟ್ಟಿದ್ದೇನೆ, ಏಕೆಂದರೆ ಸಂದೇಶಗಳು ಒಟ್ಟಿಗೇ ಬಂದರೆ ಆ ಅಂತರ ಸೊನ್ನೆಯಾಗುತ್ತದೆ, ಕೈ ನಿಂತಾಗ ಸಂದೇಶವೇ ಬಾರದೆ ಹಳೆಯ ವೇಗವೇ ಉಳಿದುಬಿಡುತ್ತದೆ. ಬದಲಿಗೆ, ಮೆಟ್ರೋ (ನಿಗದಿತ ಅಂತರದಲ್ಲಿ ಸಂಕೇತ ಕೊಡುವ ಪ್ಯೂರ್ ಡೇಟಾದ ಘಟಕ) 20 ಮಿಲಿಸೆಕೆಂಡಿಗೊಮ್ಮೆ ತಟ್ಟಿದಾಗ, 0ಯಿಂದ 127ರೊಳಗಿನ, ಫೇಡರಿನ ಆ ಕ್ಷಣದ ಬೆಲೆಯಿಂದ ಹಿಂದಿನ ಬೆಲೆಯನ್ನು ಕಳೆದು, ಚಿಹ್ನೆ ಬಿಟ್ಟು ವ್ಯತ್ಯಾಸವನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಅದು 8ನ್ನು ದಾಟಿದರೆ ಪೆಟ್ಟು ಬೀಳುತ್ತದೆ; 3ಕ್ಕಿಂತ ಕೆಳಗಿಳಿಯುವವರೆಗೆ ಮತ್ತೊಂದಕ್ಕೆ ಅವಕಾಶವಿಲ್ಲ. ಈ ಎರಡನೆಯ ಮಿತಿಯೇ ನಿಜವಾಗಿ ಮುಖ್ಯ: ಅದಿಲ್ಲದಿದ್ದರೆ ಒಂದೇ ಎಳೆತಕ್ಕೆ ಪೆಟ್ಟುಗಳು ಸಾಲುಗಟ್ಟುತ್ತವೆ. ದಾರಿ ತೋರಿಸಿದ ಎಲ್ಲರಿಗೂ ಕೃತಜ್ಞತೆಗಳು.