ಅಡಾಪ್ಷನ್‌ಗೆ ‘ಅಳವಡಿಕೆ’ ಸಾಕಾ? ನಾಳೆ ಸಂಜೆಯೊಳಗೆ ಬೇಕು

ಎಲ್ರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಕಾಗದದ ಫೈಲು ಹೋಗಿ ಇ-ಆಫೀಸು, ಆನ್‌ಲೈನ್ ಹಾಜರಿ, ವಾಟ್ಸಾಪ್ ಗ್ರೂಪು ಎಲ್ಲ ಬಂದ್ಮೇಲೆ ನೌಕರರು ಅದನ್ನ ಹೇಗೆ ತಗೊಂಡ್ರು ಅನ್ನೋದು ವಿಷಯ. ಪ್ರಶ್ನಾವಳಿ ನಾಳೆ ಸಂಜೆ ಜೆರಾಕ್ಸಿಗೆ ಕೊಡ್ಬೇಕು. ತೊಡಕು ಏನಂದ್ರೆ ಇಲ್ಲಿ ಅಡಾಪ್ಷನ್ (ನೌಕರ ತಾನೇ ತಗೊಂಡು ಬಳಸೋಕೆ ಶುರುಮಾಡೋದು) ಬೇರೆ, ಆಕ್ಸೆಪ್ಟೆನ್ಸ್ (ಮನಸ್ಸಲ್ಲಿ ಒಪ್ಪೋದು) ಬೇರೆ, ಇಂಪ್ಲಿಮೆಂಟೇಷನ್ (ಕಚೇರಿ ತಂದು ಜಾರಿ ಮಾಡೋದು) ಬೇರೆ. 1989ರ ಫ್ರೆಡ್ ಡೇವಿಸ್ ಮಾಡೆಲ್ ಆಕ್ಸೆಪ್ಟೆನ್ಸ್‌ದು, ನನ್ನ ಕೆಲಸಕ್ಕೆ ಇದ್ರಿಂದ ಉಪಯೋಗ ಅನ್ಸುತ್ತಾ, ಬಳಸೋದು ಸಲೀಸು ಅನ್ಸುತ್ತಾ, ಈ ಎರಡು ಅನಿಸಿಕೆ ಮೇಲೆ ನಿಂತಿರೋದು. ನಾನು ಮೂರಕ್ಕೂ ‘ಅಳವಡಿಕೆ’ ಅಂತಾನೇ ಹಾಕಿದ್ದೆ. ಪರೀಕ್ಷೆಗೆ ಅಂತ ಒಬ್ಬ ಗುಮಾಸ್ತರಿಗೆ ಕೊಟ್ರೆ, ‘ನಿಮ್ಮ ಕಚೇರಿಯಲ್ಲಿ ತಂತ್ರಜ್ಞಾನದ ಅಳವಡಿಕೆ ಆಗಿದೆಯೇ?’ ಅನ್ನೋದಕ್ಕೆ ‘ಆಗಿದೆ, ಮೂರು ಕಂಪ್ಯೂಟರ್ ಕೂರ್ಸಿದಾರೆ’ ಅಂತ ಬರೆದ್ರು. ಹಾಗೇ ಡಿಜಿಟಲ್ ವರ್ಕ್‌ಪ್ಲೇಸ್‌ಗೂ (ಕೆಲಸವೆಲ್ಲ ಆನ್‌ಲೈನಲ್ಲೇ ನಡೆಯೋ ಕಚೇರಿ) ಒಂದು ಪದ ಹೇಳಿ.

ಉತ್ತರ, ಸರಸ್ವತಿಪುರಂನಿಂದ:
ಅಂಗೀಕಾರ. ಅಂಗವಲ್ಲದ್ದನ್ನ ಅಂಗ ಮಾಡ್ಕೊಳ್ಳೋದು, ಸಂಸ್ಕೃತದಲ್ಲಿ ಹೀಗೆ ಅಲ್ಲದ್ದು ಆಗೋದನ್ನ ಹೇಳೋ ಚ್ವಿ ಪ್ರತ್ಯಯ. ಇದಕ್ಕಿಂತ ಸರಿಯಾದ್ದು ಇಲ್ಲ.

ಉತ್ತರ, ಕುವೆಂಪುನಗರದಿಂದ:
ಅಂಗೀಕಾರಾನ ವಿಧಾನಸೌಧದಲ್ಲಿ ಮಸೂದೆಗೆ ಇಟ್ಕೊಳ್ಳಿ ಸಾರ್. ನಮ್ಮದೇ ಒಪ್ಪು ಇದೆ, ಒಗ್ಗು ಇದೆ. ಆಕ್ಸೆಪ್ಟೆನ್ಸ್‌ಗೆ ಒಪ್ಪಿಗೆ, ಅಡಾಪ್ಷನ್‌ಗೆ ಒಗ್ಗಿಕೆ, ಮುಗೀತು. ತಂತ್ರಜ್ಞಾನಾನೂ ತೆಗೆದು ಚಳಕ ಅಂತ ಹಾಕಿ.

ಉತ್ತರ, ಮಂಡ್ಯದಿಂದ:
ನಾನು ವಿ.ಸಿ. ಫಾರಂ (ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ) ಕಡೆ ಕೃಷಿ ವಿಸ್ತರಣೆ ಕೆಲಸದಲ್ಲಿ ಇದ್ದವನು, ಆದ್ರಿಂದ ಎರಡು ಮಾತು. ಈ ಅಡಾಪ್ಷನ್ ಅನ್ನೋದು ಆಫೀಸಲ್ಲಿ ಹುಟ್ಟಿದ್ದಲ್ಲ ತಾಯಿ, ಹೊಲದಲ್ಲಿ ಹುಟ್ಟಿದ್ದು. 1943ರಲ್ಲಿ ರಯಾನ್ ಮತ್ತೆ ಗ್ರಾಸ್ ಅನ್ನೋರು ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮುಸುಕಿನ ಜೋಳಾನ ಯಾವ ರೈತ ಯಾವಾಗ ತಗೊಂಡ ಅಂತ ನೋಡಿದ್ರು, ಆಮೇಲೆ 1962ರಲ್ಲಿ ರೋಜರ್ಸ್ ಅದನ್ನೆಲ್ಲ ಸೇರ್ಸಿ ಪುಸ್ತಕ ಮಾಡ್ದ, ಕೊನೆಗೆ ಬರೋ ನೂರಕ್ಕೆ 16 ಜನಾನ ಲ್ಯಾಗಾರ್ಡ್, ಅಂದ್ರೆ ಹಿಂದೆ ಬಿದ್ದೋರು, ಅಂತ ಕರೆದ (ರೈತನ್ನ ಬೈಯೋದು ಎಲ್ಲಾ ಕಡೆ ಸುಲಭ). ನಮ್ಮಲ್ಲಿ ಹೈಬ್ರಿಡ್ ಭತ್ತ ಬಂದಾಗ್ಲೂ ಲೆಕ್ಕ ಇದೇ, ಬೀಜ ಹಂಚಿ ಇಲಾಖೆ ‘ಅಳವಡಿಸ್ತು’, ಮಾರನೇ ವರ್ಷ ರೈತ ತಾನಾಗೇ ಕೇಳ್ಕೊಂಡು ಬಂದ್ರೆ ಅವನು ‘ಅಳವಡಿಸಿಕೊಂಡ’. ಎಲ್ಲಾ ಇರೋದು ಆ ‘ಕೊಳ್ಳು’ನಲ್ಲಿ. ಅಳವಡಿಕೆ ಅಂತ ನಾಮಪದ ಮಾಡಿದ ತಕ್ಷಣ ಕೊಳ್ಳು ಉದುರೋಗುತ್ತೆ, ಅದಕ್ಕೇ ನಿಮ್ಮ ಗುಮಾಸ್ತರು ಕಂಪ್ಯೂಟರ್ ಎಣಿಸಿದ್ದು. ಅಳವು+ಪಡು, ಅಳತೆಗೆ ಕೂಡಿಬರೋದು, ಅಚ್ಚಗನ್ನಡಾನೇ. ಒಗ್ಗಿಕೆ ಆಗಲ್ಲ. ವರ್ಗಾ ಆದ ಊರಿನ ನೀರು ಒಗ್ಗುತ್ತೆ, ಅದನ್ನ ಯಾರೂ ಆರಿಸ್ಕೊಂಡಿರಲ್ಲ.

ಉತ್ತರ, ಕುವೆಂಪುನಗರದಿಂದ:
ಆಫೀಸಲ್ಲಿ ಮಾತ್ರ ಯಾರು ಆರಿಸ್ಕೊತಾರೆ? ಸುತ್ತೋಲೆ ಬರುತ್ತೆ, ಒಗ್ಗಬೇಕು. ಮತ್ತೆ ಪ್ರಶ್ನಾವಳಿ ಅಲ್ಲ, ಕೇಳ್ವಿಪಟ್ಟಿ.

ಉತ್ತರ, ಸರಸ್ವತಿಪುರಂನಿಂದ:
ಪಟ್ಟಿ ಎಲ್ಲಿಂದ ಬಂತು ಸ್ವಾಮಿ? ಕಚೇರಿ, ಹಾಜರಿ, ಗುಮಾಸ್ತ ಇವೂ ಹೊರಗಿಂದ ಬಂದ ಪದಗಳೇ, ಇಷ್ಟನ್ನೂ ತೆಗೀರಿ, ಆಮೇಲೆ ಸಂಬಳ ಎಲ್ಲಿಂದ ಬರುತ್ತೋ ನೋಡೋಣ. ಸಂಸ್ಕೃತ ಮಾತ್ರ ಯಾಕೆ ಚುಚ್ಚುತ್ತೆ ನಿಮಗೆ?

ಉತ್ತರ, ಕೇಳಿದವಳಿಂದ:
ಎಲ್ರಿಗೂ ಥ್ಯಾಂಕ್ಸ್. ನಾಮಪದದ ಸಹವಾಸಾನೇ ಬಿಟ್ಟೆ. ‘ಇ-ಆಫೀಸನ್ನು ನಿಮ್ಮ ಕಚೇರಿಯಲ್ಲಿ ಯಾವಾಗ ಅಳವಡಿಸಿದರು? ನೀವು ಯಾವಾಗ ಅಳವಡಿಸಿಕೊಂಡಿರಿ?’ ಅಂತ ಒಂದರ ಕೆಳಗೊಂದು ಹಾಕಿದೀನಿ, ಆಕ್ಸೆಪ್ಟೆನ್ಸ್‌ಗೆ ಒಪ್ಪಿಗೆ. ಸುತ್ತೋಲೆ ಮಾತೂ ಸರಿ ಅನ್ನಿಸ್ತು, ಬಲವಂತ ಇತ್ತಾ ಅಂತ ಒಂದು ಪ್ರಶ್ನೆ ಸೇರಿಸ್ದೆ. ಅದೇ ಗುಮಾಸ್ತರಿಗೆ ಮತ್ತೆ ತೋರಿಸಿದ್ರೆ, ‘ಅವರು ಹಾಕಿ ಎರಡು ವರ್ಷ ಆಯ್ತು, ನಾನಿನ್ನೂ ಇಲ್ಲ ಕಣಮ್ಮ’ ಅಂದ್ರು. ಡಿಜಿಟಲ್ ವರ್ಕ್‌ಪ್ಲೇಸ್‌ಗೆ ಯಾರೂ ಏನೂ ಹೇಳ್ಲಿಲ್ಲ, ಹಾಗೇ ಬಿಟ್ಟಿದೀನಿ.