ಟ್ರಾನ್ಸಿಸ್ಟರ್, ತೂಬು ಮತ್ತು ಟೀ ಬಿಲ್ಲು

ನಮ್ಮ ಸೀನನಿಗೆ ಟ್ರಾನ್ಸಿಸ್ಟರ್ ಅಂದ್ರೆ ಇವತ್ತಿಗೂ ರೇಡಿಯೋನೇ. ಮೊನ್ನೆ ಭಾನುವಾರ ತಾತನ ಕಾಲದ್ದೊಂದನ್ನು, ಚರ್ಮದ ಚೀಲದ ಸಮೇತ, ಟೀ ಅಂಗಡಿಗೆ ಹೊತ್ತು ತಂದ. ನಾನು ಮುಚ್ಚಳ ಬಿಚ್ಚಿ, ಮೂರು ಕಾಲಿನ ಪುಟ್ಟ ತುಣುಕೊಂದನ್ನು ತೋರಿಸಿದೆ. "ಟ್ರಾನ್ಸಿಸ್ಟರ್ ಅಂದ್ರೆ ಇದು ಕಣೋ. ಇದನ್ನು ಹಾಕಿಕೊಂಡಿದ್ದಕ್ಕೆ ಡಬ್ಬಿಗೂ ಅದೇ ಹೆಸರು ಬಂತು."

"ಇಷ್ಟೇ ಇಷ್ಟಾ? ಇದು ಅಷ್ಟು ಜೋರಾಗಿ ಕೂಗುತ್ತಾ?"

ಗುಂಡ ಬಾಯಿ ಹಾಕಿದ. ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. "ಸಣ್ಣ ಸಿಗ್ನಲ್ ಒಳಗೆ ಹೋಗುತ್ತೆ, ಪೂರಿ ಥರ ಉಬ್ಬಿ ಆಚೆ ಬರುತ್ತೆ. ಅಷ್ಟೇ."

"ಉಬ್ಬೋದೂ ಇಲ್ಲ, ಗಿಬ್ಬೋದೂ ಇಲ್ಲ. ನಿಮ್ಮೂರ ಕೆರೆ ತೂಬು ನೋಡಿದೀಯಾ? ನೀರಗಂಟಿ ಗೂಟ ಒಂಚೂರು ಎತ್ತಿದರೆ ಕಾಲುವೆ ತುಂಬ ನೀರು. ಆ ನೀರು ಅವನ ತೋಳಿಂದ ಬಂತಾ?"

"ಕೆರೆಯಿಂದ."

"ಇಲ್ಲಿ ಕೆರೆ ಅಂದ್ರೆ ಬ್ಯಾಟರಿ. ಗೂಟ ಅಂದ್ರೆ ಬೇಸ್, ಈ ಮೂರು ಕಾಲಲ್ಲಿ ಒಂದು. ನೀರಗಂಟಿ ಕೈ ಹೇಗೆ ನಡುಗುತ್ತೋ ಕಾಲುವೆ ನೀರೂ ಹಾಗೇ ಏರಿಳಿಯುತ್ತೆ. ನಮಗೆ ಕೇಳಿಸೋದು ಬ್ಯಾಟರಿಯ ಕರೆಂಟು. ಸಿಗ್ನಲ್ ಅದಕ್ಕೆ ಕುಣಿಯೋದು ಹೇಗೆ ಅಂತ ತೋರಿಸುತ್ತೆ, ಅಷ್ಟೇ."

ಒಳಗೆ ಬೇಸ್ ಅನ್ನೋದು ತೀರಾ ತೆಳು ಪದರ. ಎನ್‌ಪಿಎನ್ ಅನ್ನೋ ಬಗೆಯದಾದರೆ ಇನ್ನೊಂದು ಕಾಲಾದ ಎಮಿಟರ್‌ನಿಂದ ಹೊರಟ ಎಲೆಕ್ಟ್ರಾನ್‌ಗಳಲ್ಲಿ ನೂರಕ್ಕೆ ಒಂದೋ ಅರ್ಧವೋ ಅಲ್ಲಿ ಸಿಕ್ಕಿಬೀಳುತ್ತೆ, ಉಳಿದವೆಲ್ಲ ಸೀದಾ ಮೂರನೇ ಕಾಲಾದ ಕಲೆಕ್ಟರ್‌ಗೆ.

"ಕಲೆಕ್ಟರ್ ಅಂದ್ರೆ ನಮ್ಮ ಡಿಸಿ ಸಾಹೇಬ್ರಾ?" ಗುಂಡ.

"ಇದಕ್ಕೂ ಡಿಸಿನೇ ಬೇಕು, ಬ್ಯಾಟರಿಯದ್ದು."

ಸೀನ ಲೆಕ್ಕ ಕೇಳಿದ. ಟೀ ಅಂಗಡಿಯವನ ಚೀಟಿ ಹಿಂದೆ ಬರೆದು ತೋರಿಸಿದೆ. ಬೇಸ್‌ಗೆ 10 ಮೈಕ್ರೋ ಆಂಪಿಯರ್, ಗೇನ್ (ಅಂದ್ರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯುತ್ತೆ ಅನ್ನೋದು) 100 ಅಂದ್ಕೊಂಡರೆ ಕಲೆಕ್ಟರ್‌ನಲ್ಲಿ 1 ಮಿಲಿ ಆಂಪಿಯರ್. ಅದು 4.7 ಕಿಲೋ ಓಮ್ ರೆಸಿಸ್ಟರ್ ದಾಟಬೇಕಾದರೆ 4.7 ವೋಲ್ಟ್ ಅಲ್ಲೇ ಖರ್ಚು. ಬ್ಯಾಟರಿ 9 ವೋಲ್ಟ್, ಕಲೆಕ್ಟರ್‌ನಲ್ಲಿ ಉಳಿದದ್ದು 4.3. ಈಗ ಬೇಸ್ ಕರೆಂಟು ಬರೀ 1 ಮೈಕ್ರೋ ಜಾಸ್ತಿಯಾದರೂ ಇಲ್ಲಿ ಸುಮಾರು ಅರ್ಧ ವೋಲ್ಟ್ ಇಳಿಯುತ್ತೆ.

"ಏರಿಸಿದರೆ ಇಳಿಯುತ್ತಾ? ಥೇಟ್ ನನ್ನ ಮಗ!"

"ಹೌದು, ಉಲ್ಟಾ. ಆದರೂ ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ ಬಿಡು."

ಗುಂಡ ಸುಮ್ನೆ ಕೂರುವವನಲ್ಲ. "ಹಾಗಾದ್ರೆ ಮೈಕನ್ನ ನೇರ ಬೇಸ್‌ಗೆ ಕೊಟ್ಟರಾಯ್ತು." ಆಗಲ್ಲ. ಸಿಲಿಕಾನಿನದ್ದಾದರೆ ಬೇಸ್‌ಗೆ ಸುಮಾರು 0.6 ವೋಲ್ಟ್ ಸಿಗೋವರೆಗೆ ಅಲುಗಾಡೋದೇ ಇಲ್ಲ, ಟೇಬಲ್ ಮೇಲೆ ಕಾಫಿ ಬರೋವರೆಗೆ ಫೈಲು ಮುಟ್ಟದ ಗುಮಾಸ್ತನ ಹಾಗೆ. ಮೈಕಿಂದ ಬರೋದು ಕೆಲವೇ ಮಿಲಿವೋಲ್ಟ್. ಅದಕ್ಕೇ ಬಯಾಸ್: ತೂಬನ್ನು ಮೊದಲೇ ಅರ್ಧ ಎತ್ತಿಟ್ಟಿರಬೇಕು, ಮೇಲಕ್ಕೂ ಕೆಳಕ್ಕೂ ಆಡೋಕೆ ಜಾಗ ಇರಬೇಕು. ತೀರಾ ಎತ್ತಿದರೂ ಕಷ್ಟ, ತೀರಾ ಇಳಿಸಿದರೂ ಕಷ್ಟ. ಅಲೆಯ ತಲೆಯೋ ಕಾಲೋ ಕತ್ತರಿಸಿ ಹೋಗಿ, ಹಾಡುವವರಿಗೆ ನೆಗಡಿ ಹಿಡಿದ ಹಾಗೆ ಕೇಳುತ್ತೆ.

ಇನ್ನೊಂದು ತಮಾಷೆ ಇದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಸಿ547 ಅನ್ನೋ ಟ್ರಾನ್ಸಿಸ್ಟರ್ ಕೇಳಿ ಒಂದು ಹಿಡಿ ತಂದರೆ ಒಂದರ ಗೇನ್ 110 ಇರಬಹುದು, ಇನ್ನೊಂದರದ್ದು 800. ಹೆಸರು ಒಂದೇ, ಬುದ್ಧಿ ಬೇರೆ. ಅದಕ್ಕೇ ಎಮಿಟರ್ ಕಾಲಿಗೆ ಒಂದು ರೆಸಿಸ್ಟರ್ ಕಟ್ಟೋದು. ಕರೆಂಟು ಜಾಸ್ತಿ ಹಾರಾಡಿದರೆ ಅದೇ ಹಿಂದಕ್ಕೆ ಎಳೆಯುತ್ತೆ. ಇಡೀ ಸರ್ಕ್ಯೂಟಿನ ಗೇನ್ ಕಮ್ಮಿ ಆಗುತ್ತೆ, ಆದರೆ ಯಾವ ಪೀಸ್ ಹಾಕಿದರೂ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡುತ್ತೆ. ನನಗಂತೂ ಇಡೀ ಸರ್ಕ್ಯೂಟಿನಲ್ಲಿ ಇಷ್ಟವಾದದ್ದು ಈ ಬಡಪಾಯಿ ರೆಸಿಸ್ಟರೇ.

ಸೀನ ಮುಚ್ಚಳ ಹಾಕಿ ಎದ್ದ. ನಾಲ್ಕು ಟೀ, ಎರಡು ಪ್ಲೇಟ್ ಬೋಂಡಾ, ಎಲ್ಲ ಹೇಳಿದ್ದು ಗುಂಡನೇ. ಬಿಲ್ಲು ಅವನ ಕಡೆಗೆ ತಳ್ಳಿದೆ.

"ನಾನು ಬೇಸ್ ಕಣೋ, ಬಾಯಲ್ಲಿ ಹೇಳಿದ್ದಷ್ಟೇ. ಕೆರೆ ನೀನು, ಕೊಡು."